ಗ್ಯಾಸಿಗೆ ವಾಸನೆ ಬಂದ ಕಥೆ



ಹೋದ ಸಂಚಿಕೆಗೆ ಬರೆಯುತ್ತೇವೆಂದು ಒಪ್ಪಿಕೊಂಡು ಕೈಕೊಟ್ಟವರು ನಾವು. ಈ ಸಲ ಸಂಪಾದಕರು ಬಿಡಲಿಲ್ಲ. "ಒಮಾನಿಗೂ ಕರ್ನಾಟಕಕ್ಕೂ ಇರುವ ಹಳೆಯ ನಂಟಿನ ಬಗ್ಗೆ ಬರೆಯಿರಿ. ಕುದುರೆ ವ್ಯಾಪಾರ, ಟಿಪ್ಪುವಿನ ಕೋಠಿ, ಏನಾದರೂ ಆದೀತು" ಎಂದರು. ಕುದುರೆ ಹುಡುಕಿಕೊಂಡು ಹೊರಟ ನಮಗೆ ಕೊನೆಗೆ ಸಿಕ್ಕಿದ್ದು ಗ್ಯಾಸ್ ಸಿಲಿಂಡರ್! ಅದು ಹೇಗೆಂದು ಹೇಳಲು ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯಿಂದ ಶುರುಮಾಡಬೇಕು.

2023ರ ಚಳಿಗಾಲ. ಸಾಗರದ ಕಡೆಯ ಹಳ್ಳಿಯಿಂದ ಅಮ್ಮ ಮಸ್ಕತ್ತಿಗೆ ಬಂದು ನಮ್ಮ ಜೊತೆ ಎರಡು ತಿಂಗಳಿದ್ದರು. ಒಂದು ಸಂಜೆ ನಾವಿಬ್ಬರೂ ಮತ್ರಾ ಸೂಕಿನಿಂದ ಹಿಂದಿರುಗಿದಾಗ ಮೆಟ್ಟಿಲ ಹತ್ತಿರವೇ ಗ್ಯಾಸಿನ ವಾಸನೆ ಮೂಗಿಗೆ ಬಡಿಯಿತು. ಬಾಗಿಲು ತೆರೆದರೆ ಅಮ್ಮ ಸೋಫಾದ ಮೇಲೆ ಕೂತು ನಿಶ್ಚಿಂತೆಯಿಂದ ಪುಸ್ತಕ ಓದುತ್ತಿದ್ದಾರೆ. ಒಲೆಯ ಮೇಲೆ ಹಾಲು ಉಕ್ಕಿ ಉರಿ ಆರಿಹೋಗಿದೆ, ಗುಂಡಿ ಮಾತ್ರ ತೆರೆದೇ ಇದೆ. ಎ.ಸಿ. ಮನೆ ನೋಡಿ, ಕಿಟಕಿಗಳೆಲ್ಲ ಭದ್ರ. ಕತ್ತಲಾಗುತ್ತಿತ್ತು, ಅಭ್ಯಾಸಬಲದಿಂದ ನಮ್ಮಲ್ಲೊಬ್ಬರ ಕೈ ದೀಪದ ಸ್ವಿಚ್ಚಿನ ಮೇಲೆ ಹೋಗಿಯೇ ಬಿಟ್ಟಿತ್ತು. ಇನ್ನೊಬ್ಬರು ಕೈ ಹಿಡಿದು ಎಳೆದದ್ದರಿಂದ ಇವತ್ತು ಈ ಬರಹ ನಿಮ್ಮ ಮುಂದಿದೆ.

ಗುಂಡಿ ತಿರುಗಿಸಿ, ಸಿಲಿಂಡರ್ ಬಂದ್ ಮಾಡಿ, ಬಾಲ್ಕನಿ ಬಾಗಿಲು ತೆರೆದು, ಅಮ್ಮನನ್ನು ಕೆಳಗೆ ಕರೆದುಕೊಂಡು ಹೋದೆವು. ಅರ್ಧ ಗಂಟೆ ಕಾರ್ ಪಾರ್ಕಿಂಗಿನಲ್ಲೇ ಕೂತೆವು. ಅಮ್ಮ ಬಹಳ ನೊಂದುಕೊಂಡರು. "ನನಗೆ ಏನೂ ಗೊತ್ತಾಗಲೇ ಇಲ್ಲವಲ್ಲೋ" ಎಂದರು. ನಿಜ. 2021ರಲ್ಲಿ ಕೋವಿಡ್ ಬಂದು ಹೋದ ಮೇಲೆ ಅವರಿಗೆ ವಾಸನೆಯ ಶಕ್ತಿ ಸರಿಯಾಗಿ ಮರಳಲಿಲ್ಲ. ಒಗ್ಗರಣೆಯ ಇಂಗೂ ಗೊತ್ತಾಗದು, ಸಂಪಿಗೆಯೂ ಗೊತ್ತಾಗದು. ನಮಗೆ ಅದು ಬರೀ ಊಟದ ರುಚಿಯ ವಿಷಯವಾಗಿತ್ತು. ಜೀವದ ವಿಷಯವೂ ಹೌದೆಂದು ಆ ಸಂಜೆಯವರೆಗೆ ಹೊಳೆದಿರಲಿಲ್ಲ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಕಂಪ್ಯೂಟರಿನವರ ಚಾಳಿ ನೋಡಿ, ಕೆಟ್ಟದ್ದು ತಪ್ಪಿದ ಮೇಲೂ ಕಾರಣ ಹುಡುಕುವುದು ಬಿಡುವುದಿಲ್ಲ. ಆಗ ಗೊತ್ತಾದ ಮೊದಲ ಸಂಗತಿ: ನಾವೆಲ್ಲ 'ಗ್ಯಾಸಿನ ವಾಸನೆ' ಎನ್ನುವುದು ಗ್ಯಾಸಿನದ್ದಲ್ಲವೇ ಅಲ್ಲ!

ಮುನ್ನೂರು ಮಕ್ಕಳು ಕಲಿಸಿದ ಪಾಠ

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ನ್ಯೂ ಲಂಡನ್ ಎಂಬ ಊರಿದೆ. 1930ರ ದಶಕದಲ್ಲಿ ಸುತ್ತಮುತ್ತ ಎಣ್ಣೆ ಬಾವಿಗಳು, ಊರಿನಲ್ಲಿ ಹಣವೋ ಹಣ. ಆ ದುಡ್ಡಿನಲ್ಲಿ ಭರ್ಜರಿ ಶಾಲೆ ಕಟ್ಟಿದರು. ಆದರೆ ಕಟ್ಟಡ ಬೆಚ್ಚಗಿಡುವ ಖರ್ಚು ಉಳಿಸಲು, ಎಣ್ಣೆ ಬಾವಿಗಳಿಂದ ಹೊರಬಂದು ವ್ಯರ್ಥವಾಗುತ್ತಿದ್ದ ಅನಿಲದ ಕೊಳವೆಗೆ ಶಾಲೆಯ ಕೊಳವೆ ಜೋಡಿಸಿಕೊಂಡರು. ಆ ಕಾಲದಲ್ಲಿ ಆ ಕಡೆ ಅನೇಕರು ಮಾಡುತ್ತಿದ್ದದ್ದೇ. ಅನಿಲ ಸೋರಿ ಕಟ್ಟಡದ ಅಡಿಯ ಟೊಳ್ಳಿನಲ್ಲಿ ತುಂಬಿಕೊಂಡಿತು. ಬಣ್ಣವಿಲ್ಲ, ವಾಸನೆಯಿಲ್ಲ. ಯಾರಿಗೂ ತಿಳಿಯಲಿಲ್ಲ. 1937ರ ಮಾರ್ಚ್ 18ರ ಮಧ್ಯಾಹ್ನ, ಶಾಲೆ ಬಿಡಲು ಸ್ವಲ್ಪ ಹೊತ್ತಿದೆ ಎನ್ನುವಾಗ, ಮರಗೆಲಸದ ಕೋಣೆಯಲ್ಲಿ ಮರ ಉಜ್ಜುವ ವಿದ್ಯುತ್ ಯಂತ್ರವೊಂದನ್ನು ಚಾಲೂ ಮಾಡಿದರು. ಒಂದೇ ಕಿಡಿ. ಕಟ್ಟಡವೇ ಮೇಲೆದ್ದು ಕುಸಿಯಿತು. ಸುಮಾರು ಮುನ್ನೂರು ಜೀವಗಳು ಹೋದವು, ಬಹುತೇಕ ಮಕ್ಕಳು.

ಆ ವರ್ಷವೇ ಟೆಕ್ಸಾಸಿನಲ್ಲಿ ಅನಿಲಕ್ಕೆ ವಾಸನೆ ಬೆರೆಸಬೇಕೆಂಬ ಕಾನೂನು ಬಂತು. ನಿಧಾನವಾಗಿ ಲೋಕವೆಲ್ಲ ಅದನ್ನು ಒಪ್ಪಿಕೊಂಡಿತು. ಇಂದು ಅಡಿಗೆ ಗ್ಯಾಸಿಗೆ ಸಾಮಾನ್ಯವಾಗಿ ಬೆರೆಸುವುದು ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತ. ಕೊಳೆತ ಕೋಸು, ಕೊಳೆತ ಈರುಳ್ಳಿ ಎರಡೂ ಸೇರಿದಂಥ ನಾತ. ನೂರು ಕೋಟಿ ಪಾಲಿನಲ್ಲಿ ಒಂದೆರಡು ಪಾಲಿದ್ದರೂ ಮನುಷ್ಯನ ಮೂಗು ಹಿಡಿದುಬಿಡುತ್ತದೆ. ಇನ್ನೊಂದು ಸ್ವಾರಸ್ಯ: ಕ್ಯಾಲಿಫೋರ್ನಿಯಾದಲ್ಲಿ ಕೊಳವೆ ಕಾಯುವವರು ಆಕಾಶದಲ್ಲಿ ರಣಹದ್ದು ಸುತ್ತುವ ಜಾಗ ನೋಡಿ ಸೋರಿಕೆ ಪತ್ತೆ ಮಾಡುತ್ತಿದ್ದರಂತೆ. ಕೊಳೆತ ಹೆಣದಿಂದ ಹೊರಡುವುದೂ ಇದೇ ಜಾತಿಯ ವಾಸನೆ. ಪಾಪ, ಹದ್ದುಗಳು ಊಟವಿದೆಯೆಂದು ಬಂದು ಮೋಸಹೋಗುತ್ತಿದ್ದವು!

ಅಂದರೆ ನಮ್ಮ ಅಡಿಗೆಮನೆಯ ಆ ಕೆಟ್ಟ ವಾಸನೆ ಯಾರೋ ಕಳೆದುಕೊಂಡ ಮಕ್ಕಳ ನೆನಪಿಗೆ ಕಟ್ಟಿದ ಗಂಟೆ. ಅಮ್ಮನಿಗೆ ಆ ಗಂಟೆ ಕೇಳಿಸಲಿಲ್ಲ, ಅಷ್ಟೇ.

ಬಾಟಲಿಯ ಬಿರಡೆ ಹಾರಿದ ದಿನ

ಅಡಿಗೆ ಗ್ಯಾಸಿಗಿಂತ ಮುಂಚಿನ ಕಾಲ ನಮ್ಮಲ್ಲಿ ಅನೇಕರಿಗೆ ನೆನಪಿದೆ. ಸೌದೆ ಒಲೆ, ಊದುಗೊಳವೆ, ಇದ್ದಲಿನ ಅಗ್ಗಿಷ್ಟಿಕೆ, ಮರದ ಹೊಟ್ಟು ತುಂಬಿ ಗಿಡಿಯುವ ಒಲೆ, ಆಮೇಲೆ ಪಂಪ್ ಹೊಡೆಯುವ ಸೀಮೆಎಣ್ಣೆ ಸ್ಟೋವ್. ನಮ್ಮ ಕೂಟದಲ್ಲಿ ಓದುವ ಹಳೆಯ ಕಾದಂಬರಿಗಳನ್ನೇ ನೋಡಿ, ಹೊಗೆಯಿಂದ ಕಣ್ಣೊರೆಸಿಕೊಳ್ಳುವ ಅತ್ತೆಯೋ ಸೊಸೆಯೋ ಇಲ್ಲದ ಪುಸ್ತಕ ಎಷ್ಟಿದ್ದಾವು? ಆ ಕಣ್ಣೀರು ದುಃಖದ್ದೋ ಹೊಗೆಯದ್ದೋ ಎಂಬುದು ಕಥೆಗಾರರಿಗೂ ಅನುಕೂಲವಾಗಿತ್ತು!

ದ್ರವವಾಗಿಸಿದ ಅನಿಲದ ಕಥೆ ಶುರುವಾಗುವುದು 1910ರ ಸುಮಾರಿಗೆ. ಅಮೆರಿಕದ ಗಣಿ ಇಲಾಖೆಯಲ್ಲಿ ವಾಲ್ಟರ್ ಸ್ನೆಲ್ಲಿಂಗ್ ಎಂಬ ರಸಾಯನಶಾಸ್ತ್ರಜ್ಞ ಇದ್ದ. ಫೋರ್ಡ್ ಕಾರಿನ ಮಾಲೀಕನೊಬ್ಬ ಬಂದು, "ಕೊಂಡ ಪೆಟ್ರೋಲು ಮನೆ ಸೇರುವಷ್ಟರಲ್ಲಿ ಆವಿಯಾಗಿ ಹೋಗುತ್ತದೆ" ಎಂದು ದೂರಿದನಂತೆ. ಸ್ನೆಲ್ಲಿಂಗ್ ಗಾಜಿನ ಜಾಡಿಯಲ್ಲಿ ಪೆಟ್ರೋಲು ತುಂಬಿ ಬಿರಡೆ ಹಾಕಿದರೆ ಅದು ಮತ್ತೆ ಮತ್ತೆ ಹಾರಿಹೋಗುತ್ತಿತ್ತು. ಹಾರಿಸುತ್ತಿದ್ದವರು ಯಾರೆಂದು ಶೋಧಿಸಿದಾಗ ಸಿಕ್ಕಿದವರಲ್ಲಿ ಮುಖ್ಯರು ಪ್ರೊಪೇನ್ ಮತ್ತು ಬ್ಯೂಟೇನ್. 1913ರಲ್ಲಿ ಪೇಟೆಂಟ್ ಪಡೆದು, ಅದನ್ನು ಐವತ್ತು ಸಾವಿರ ಡಾಲರಿಗೆ ಫ್ರಾಂಕ್ ಫಿಲಿಪ್ಸ್ ಎಂಬ ಎಣ್ಣೆ ಉದ್ಯಮಿಗೆ ಮಾರಿದ.

ಇವೆರಡರ ಗುಣ ವಿಶೇಷವಾದದ್ದು. ಪ್ರೊಪೇನ್ ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಕೆಳಗೆ, ಬ್ಯೂಟೇನ್ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಅಂದರೆ ನಮ್ಮ ಹವೆಯಲ್ಲಿ ಎರಡೂ ಅನಿಲಗಳೇ. ಆದರೆ ಸ್ವಲ್ಪ ಒತ್ತಡ ಕೊಟ್ಟರೆ ಸಾಕು, ಸುಮ್ಮನೆ ನೀರಾಗಿ ಕೂತುಕೊಳ್ಳುತ್ತವೆ. ಒಂದು ಲೀಟರ್ ದ್ರವ ಹೊರಬಂದರೆ ಇನ್ನೂರೈವತ್ತು ಲೀಟರಿನಷ್ಟು ಅನಿಲ. ಹೀಗೆ ತಿಂಗಳ ಉರಿಯನ್ನೆಲ್ಲ ಒಂದು ಕಬ್ಬಿಣದ ಗಡಿಗೆಯಲ್ಲಿ ಮಡಿಸಿಡಲು ಸಾಧ್ಯವಾಯಿತು. ಎಲ್.ಪಿ.ಜಿ. ಎಂದರೆ ಇದೇ ಪ್ರೊಪೇನ್-ಬ್ಯೂಟೇನ್ ಮಿಶ್ರಣ.

ಬ್ರೆಜಿಲಿನಲ್ಲಿ ಇದು ಅಡಿಗೆಮನೆಗೆ ಬಂದದ್ದು ಆಕಾಶದಿಂದ ಎನ್ನಬಹುದು. 1937ರ ಮೇ ತಿಂಗಳಲ್ಲಿ ಹಿಂಡೆನ್‌ಬರ್ಗ್ ಎಂಬ ಜರ್ಮನ್ ವಾಯುನೌಕೆ ಉರಿದುಬಿದ್ದ ಮೇಲೆ ಆ ಹಾರಾಟಗಳೇ ನಿಂತವು. ವಾಯುನೌಕೆಗಳಿಗೆಂದು ತರಿಸಿದ್ದ ಪ್ರೊಪೇನ್ ಸಿಲಿಂಡರುಗಳು ಬ್ರೆಜಿಲಿನಲ್ಲಿ ಅನಾಥವಾಗಿ ಉಳಿದವು. ಎರ್ನೆಸ್ಟೋ ಇಗೆಲ್ ಎಂಬ ವ್ಯಾಪಾರಿ ಅವನ್ನು ಕೊಂಡು ಮನೆಮನೆಗೆ ಗ್ಯಾಸ್ ಮಾರಲು ಶುರುಮಾಡಿದ.

ಭಾರತಕ್ಕೆ ಅಡಿಗೆ ಗ್ಯಾಸ್ ಬಂದದ್ದು 1950ರ ದಶಕದ ನಡುವಿನಲ್ಲಿ, ಬರ್ಮಾ ಶೆಲ್ ಕಂಪನಿಯ ಮೂಲಕ ಮುಂಬಯಿಗೆ. ಇಂಡಿಯನ್ ಆಯಿಲ್‌ನವರ ಇಂಡೇನ್ 1965ರಲ್ಲಿ ಕಲ್ಕತ್ತೆಯಲ್ಲಿ ಶುರುವಾಯಿತು. ನಮ್ಮೂರುಗಳಿಗೆ ತಲುಪುವಷ್ಟರಲ್ಲಿ ಗ್ಯಾಸ್ ಕನೆಕ್ಷನ್ ಎಂಬುದು ಪದವಿಯಂಥ ವಸ್ತುವಾಗಿತ್ತು. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು, ಲೋಕಸಭಾ ಸದಸ್ಯರ ಕೋಟಾದ ಕೂಪನ್ ಸಿಕ್ಕರೆ ಅದೃಷ್ಟ. ಹುಡುಗಿಗೆ ಗಂಡು ನೋಡುವಾಗ "ಮನೆಯಲ್ಲಿ ಗ್ಯಾಸ್ ಇದೆ" ಎಂದು ಹೇಳಿಕೊಂಡವರನ್ನು ನಾವೇ ಕಂಡಿದ್ದೇವೆ.

ಅಮ್ಮನ ಗೋಬರ್ ಗ್ಯಾಸ್

ಆದರೆ ಮಲೆನಾಡಿನ ನಮ್ಮ ಮನೆಗೆ ಸಿಲಿಂಡರಿಗಿಂತ ಮೊದಲು ಬಂದದ್ದು ಗೋಬರ್ ಗ್ಯಾಸ್. ಶಿರಸಿ-ಸಾಗರದ ಅಡಿಕೆ ತೋಟದ ಮನೆಗಳಲ್ಲಿ ಕೊಟ್ಟಿಗೆಯ ಪಕ್ಕದ ಆ ಗುಂಡಿ ಸಾಮಾನ್ಯ ನೋಟ. ಶಿರಸಿ ಸೀಮೆಯಂತೂ ಗೋಬರ್ ಗ್ಯಾಸ್ ಯಶಸ್ಸಿಗೆ ಉದಾಹರಣೆಯಾಗಿ ವಿದ್ವಾಂಸರ ಪ್ರಬಂಧಕ್ಕೂ ವಸ್ತುವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಶುರುಮಾಡಿದ 'ಅಸ್ತ್ರ' ತಂಡ ಹಳ್ಳಿಗಳ ಒಲೆ, ಉರುವಲುಗಳ ಬಗ್ಗೆ ತುಂಬ ಕೆಲಸ ಮಾಡಿತು. ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ 1987ರಿಂದ ಊರಿನ ದನಗಳ ಸಗಣಿಯಿಂದಲೇ ಅನಿಲ ಮಾಡಿ, ಅದರಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ನೀರು ಕೊಟ್ಟರು.

ಸಗಣಿಯ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್, ಉಳಿದದ್ದು ಹೆಚ್ಚಾಗಿ ಇಂಗಾಲದ ಡೈ ಆಕ್ಸೈಡ್. ಜೊತೆಗೆ ಹೈಡ್ರೋಜನ್ ಸಲ್ಫೈಡಿನ ಅಂಶ ಸ್ವಲ್ಪ ಇರುವುದರಿಂದ ಕೊಳೆತ ಮೊಟ್ಟೆಯ ವಾಸನೆ ಹುಟ್ಟಿನಿಂದಲೇ ಬಂದಿರುತ್ತದೆ. ಯಾರೂ ಬೆರೆಸಬೇಕಿಲ್ಲ. ನಲವತ್ತು ವರ್ಷ ಅಮ್ಮ ಆ ಒಲೆಯನ್ನು ಕಾಯ್ದದ್ದು ಮೂಗಿನಿಂದಲೇ. ಇಲ್ಲಿ ಮೀಥೇನ್ ಎಂಬ ಹೆಸರನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ. ಏಕೆಂದರೆ ಒಮಾನಿನ ನೆಲದಡಿ ಹೇರಳವಾಗಿರುವುದೂ, ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಕೊಳವೆಯಲ್ಲಿ ಬರುತ್ತಿರುವುದೂ ಇದೇ.

ಕುದುರೆಯ ಬಂದರಿನಿಂದ ಅನಿಲದ ಹಡಗು

ಈಗ ಸಂಪಾದಕರ ಕುದುರೆಗೆ ಬರೋಣ. ಮಸ್ಕತ್ತಿನಿಂದ ಸೂರ್ ಕಡೆಗೆ ಕಡಲ ದಂಡೆ ಹಿಡಿದು ಹೋದರೆ ಕಲ್ಹಾತ್ ಸಿಗುತ್ತದೆ. ಇಂದು ಅಲ್ಲಿ ಪಾಳುಬಿದ್ದ ಕಲ್ಲುಗಳ ನಡುವೆ ಬೀಬಿ ಮರಿಯಂ ಗೋರಿ ಮಾತ್ರ ತಲೆಯೆತ್ತಿ ನಿಂತಿದೆ. 2018ರಲ್ಲಿ ಇದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಂದು ಕಾಲಕ್ಕೆ ಹೊರ್ಮುಜ್ ಅರಸರ ಎರಡನೆಯ ರಾಜಧಾನಿಯಂತಿದ್ದ ಊರು. ಇಲ್ಲಿಂದ ಭಾರತಕ್ಕೆ ಕುದುರೆಗಳು ಹೋಗುತ್ತಿದ್ದುದನ್ನು ಮಾರ್ಕೋ ಪೋಲೋ ಹೇಳಿದ್ದಾನೆ. ಅರಬ್ಬೀ ಕುದುರೆಗಳಿಗಾಗಿ ವಿಜಯನಗರದ ಅರಸರು ಭಟ್ಕಳದಂಥ ಬಂದರುಗಳನ್ನು ಎಷ್ಟು ಜೋಪಾನ ಮಾಡುತ್ತಿದ್ದರೆಂಬುದು ನಿಮಗೆ ಗೊತ್ತಿರುವುದೇ. ಈ ಕಡೆಯಿಂದ ಕುದುರೆ, ಆ ಕಡೆಯಿಂದ ಕೆನರಾದ ಅಕ್ಕಿ ಮತ್ತು ಮೆಣಸು. 1780ರ ದಶಕದಲ್ಲಿ ಟಿಪ್ಪು ಮಸ್ಕತ್ತಿನಲ್ಲಿ ತನ್ನದೇ ಕೋಠಿ ಇಟ್ಟುಕೊಂಡು ಗಂಧ, ಮೆಣಸು, ಅಕ್ಕಿ ಮಾರಿಸುತ್ತಿದ್ದ. ರೇಷ್ಮೆ ಹುಳು ತರಿಸಲೂ ಇಲ್ಲಿಗೇ ಕಾಗದ ಬರೆದಿದ್ದ.

ಅಂಥ ಕಲ್ಹಾತಿನ ಪಕ್ಕದಲ್ಲೇ ಇಂದು ಬೆಳ್ಳಗಿನ ದೊಡ್ಡ ತೊಟ್ಟಿಗಳು ಕಾಣುತ್ತವೆ. ಒಮಾನಿನ ದ್ರವೀಕೃತ ಅನಿಲದ ಕಾರ್ಖಾನೆ ಅದು.

ಒಮಾನಿನಲ್ಲಿ ಎಣ್ಣೆ ಸಿಕ್ಕಿದ್ದು ಸುಲಭವಾಗಿ ಅಲ್ಲ. 1956ರಲ್ಲಿ ಫಹೂದಿನಲ್ಲಿ ತೋಡಿದ ಮೊದಲ ಬಾವಿ ಬರಿದಾಗಿತ್ತು. ಎಣ್ಣೆ ಇದ್ದ ಜಾಗ ಅಲ್ಲಿಂದ ಕೆಲವೇ ನೂರು ಮೀಟರ್ ದೂರದಲ್ಲಿತ್ತು ಎಂಬುದು ಆಮೇಲೆ ತಿಳಿಯಿತು. 1962ರಲ್ಲಿ ಯಿಬಾಲಿನಲ್ಲಿ ಎಣ್ಣೆ ಸಿಕ್ಕಿ, 1967ರ ಜುಲೈನಲ್ಲಿ ಮೀನಾ ಅಲ್ ಫಹಲ್‌ನಿಂದ ಮೊದಲ ಹಡಗು ಹೊರಟಿತು. ಆಗ ಅಡಿಗೆಗೆ ಇಲ್ಲಿನವರಿಗಿದ್ದದ್ದು ಖರ್ಜೂರದ ಗರಿ, ಸಮುರ್ ಮರದ ಸೌದೆ ಮತ್ತು ಇದ್ದಲು. ಈಗಲೂ ಈದ್ ಹಬ್ಬದ ಶುವಾಕ್ಕೆ ನೆಲದೊಳಗಿನ ಒಲೆಗೆ ಸೌದೆಯ ಕೆಂಡವೇ ಬೇಕು. 1970ರಲ್ಲಿ ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬಂದ ಮೇಲೆ ಎಲ್ಲ ಬೇಗಬೇಗ ಬದಲಾಯಿತು. 1978ರಲ್ಲಿ ಯಿಬಾಲಿನ ಅನಿಲ ಕೊಳವೆಯಲ್ಲಿ ಘುಬ್ರಾಕ್ಕೆ ಬಂದು ಕರೆಂಟು ಮಾಡಿತು, ಸಮುದ್ರದ ನೀರನ್ನು ಕುಡಿಯುವ ನೀರಾಗಿಸಿತು. 1982ರಲ್ಲಿ ಮೀನಾ ಅಲ್ ಫಹಲ್‌ನಲ್ಲಿ ತೈಲ ಶುದ್ಧೀಕರಣ ಶುರುವಾಯಿತು. ಸಿಲಿಂಡರ್ ತುಂಬಿದ ಪುಟ್ಟ ಲಾರಿಗಳು ಗಲ್ಲಿಗಲ್ಲಿಯಲ್ಲಿ ಹಾರ್ನ್ ಹೊಡೆಯುತ್ತ ತಿರುಗುವುದು ಮಸ್ಕತ್ತಿನ ಬೆಳಗಿನ ಸದ್ದುಗಳಲ್ಲೊಂದಾಯಿತು.

1990ರ ಹೊತ್ತಿಗೆ ಸೈಹ್ ರವ್ಲ್, ಬಾರಿಕ್ ಮುಂತಾದ ಕಡೆ ಭಾರಿ ಅನಿಲ ನಿಕ್ಷೇಪ ಪತ್ತೆಯಾಯಿತು. ಈ ಅನಿಲ ಮುಖ್ಯವಾಗಿ ಮೀಥೇನ್. ಇದನ್ನು ಯಾರಿಗೆ ಕೊಡುವುದು? ಕಡಲಾಚೆ ಹಸಿದಿರುವ ಭಾರತವಿತ್ತು. 1993ರಲ್ಲಿ ಎರಡೂ ಸರ್ಕಾರಗಳು ಅರಬ್ಬೀ ಸಮುದ್ರದ ತಳದಲ್ಲಿ ಗುಜರಾತಿನವರೆಗೆ ಕೊಳವೆ ಹಾಕುವ ಒಪ್ಪಂದಕ್ಕೆ ಕೈಹಾಕಿದವು. ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, ಕೆಲವೆಡೆ ಮೂರೂವರೆ ಕಿಲೋಮೀಟರ್ ಆಳ. ಅಷ್ಟು ಆಳದಲ್ಲಿ ಆವರೆಗೆ ಯಾರೂ ಕೊಳವೆ ಹಾಕಿರಲಿಲ್ಲ. ಕೆಲವೇ ವರ್ಷಗಳಲ್ಲಿ ಯೋಜನೆ ಕಪಾಟು ಸೇರಿತು.

ಕೊಳವೆ ಬೇಡವೆಂದರೆ ಹಡಗು. ಮೀಥೇನ್ ಹಟಮಾರಿ, ಬ್ಯೂಟೇನಿನ ಹಾಗೆ ಸ್ವಲ್ಪ ಒತ್ತಿದರೆ ನೀರಾಗುವುದಿಲ್ಲ. ಸೊನ್ನೆಗಿಂತ 162 ಡಿಗ್ರಿ ಕೆಳಗೆ ತಂಪು ಮಾಡಬೇಕು. ಆಗ ಆರುನೂರರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ಕಲ್ಹಾತಿನಿಂದ ಅಂಥ ಮೊದಲ ಹಡಗು 2000ದ ಏಪ್ರಿಲಿನಲ್ಲಿ ಹೊರಟದ್ದು ಕೊರಿಯಾಕ್ಕೆ. ಆದರೆ 1998ರಲ್ಲೇ ಭಾರತದ ಒಬ್ಬ ಗಿರಾಕಿಯೂ ಗೊತ್ತಾಗಿದ್ದ. ಮಹಾರಾಷ್ಟ್ರದ ದಾಭೋಲ್ ವಿದ್ಯುತ್ ಕಂಪನಿ ವರ್ಷಕ್ಕೆ 16 ಲಕ್ಷ ಟನ್ ಕೊಳ್ಳಲು ಕರಾರು ಮಾಡಿಕೊಂಡಿತ್ತು. ಹೌದು, ಎನ್ರಾನ್‌ನವರ ಅದೇ ದಾಭೋಲ್. 2001ರಲ್ಲಿ ದಾಭೋಲ್ ಬಂದಾಯಿತು, ಅದೇ ವರ್ಷದ ಕೊನೆಗೆ ಎನ್ರಾನ್ ಕೂಡ ಮುಳುಗಿತು. ಆ ಅನಿಲ ಬೇರೆ ಗಿರಾಕಿಗಳನ್ನು ಹುಡುಕಿಕೊಂಡಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ ನೋಡಿ. ಅದೇ ದಾಭೋಲಿನಿಂದ ಬೆಳಗಾವಿ, ಧಾರವಾಡ, ದಾವಣಗೆರೆ ದಾಟಿ ಬೆಂಗಳೂರಿನವರೆಗೆ ಸುಮಾರು ಸಾವಿರ ಕಿಲೋಮೀಟರ್ ಕೊಳವೆ 2013ರಲ್ಲಿ ಸಿದ್ಧವಾಯಿತು. 2021ರ ಜನವರಿಯಲ್ಲಿ ಕೊಚ್ಚಿ-ಮಂಗಳೂರು ಕೊಳವೆಯೂ ಬಂತು. ಹೀಗೆ ಗೋಬರ್ ಗ್ಯಾಸಿನ ಅಣ್ಣ, ವಾಸನೆ ಹಚ್ಚಿಸಿಕೊಂಡು, ಮೀಟರ್ ಹಾಕಿಸಿಕೊಂಡು ಬೆಂಗಳೂರಿನ ಅಡಿಗೆಮನೆ ಹೊಕ್ಕಿತು. ಅದರಲ್ಲಿ ಯಾವ ದೇಶದ ಪಾಲು ಎಷ್ಟು ಎಂದು ಕೇಳಿದರೆ ಅನಿಲಕ್ಕೆ ಪಾಸ್‌ಪೋರ್ಟ್ ಇಲ್ಲ!

ಘಾಟಿಯ ತಿರುವಿನಲ್ಲಿ

ಸಿಲಿಂಡರಿನ ಗ್ಯಾಸ್ ಮಾತ್ರ ಬೇರೆ ದಾರಿಯಲ್ಲಿ ಬರುತ್ತದೆ. ಭಾರತ ಬಳಸುವ ಎಲ್.ಪಿ.ಜಿ.ಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು, ಅದರಲ್ಲೂ ಬಹುಪಾಲು ವರ್ಷಾನುವರ್ಷ ಈ ಕೊಲ್ಲಿಯ ದೇಶಗಳಿಂದ ಬಂದದ್ದು. ಕರ್ನಾಟಕದ ಪಾಲಿಗೆ ಅದರ ಹೆಬ್ಬಾಗಿಲು ಹೊಸ ಮಂಗಳೂರು ಬಂದರು. ಅಲ್ಲಿಂದ ಬುಲೆಟ್ ಟ್ಯಾಂಕರುಗಳಲ್ಲಿ ಘಾಟಿ ಹತ್ತಬೇಕು, ಇಲ್ಲವೇ ಕೇರಳದ ಕಡೆ ಇಳಿಯಬೇಕು. ಮಂಗಳೂರಿನ ಗೆಳೆಯರಿಗೆ ಶಿರಾಡಿಯಲ್ಲಿ ಅವುಗಳ ಹಿಂದೆ ತೆವಳಿದ ಅನುಭವ ಇದ್ದೇ ಇರುತ್ತದೆ.

2012ರ ಆಗಸ್ಟ್ 27ರ ರಾತ್ರಿ, ಮಂಗಳೂರಿನಿಂದ ಹೊರಟ ಒಂದು ಟ್ಯಾಂಕರ್ ಕಣ್ಣೂರಿನ ಹತ್ತಿರ ಚಾಲಾ ಎಂಬಲ್ಲಿ ಮಗುಚಿತು. ಸೋರಿದ ಅನಿಲ ರಸ್ತೆಯ ಆಚೀಚೆಯ ಮನೆಗಳ ಕಡೆ ಹರಿದು ಹೊತ್ತಿಕೊಂಡಿತು. ಇಪ್ಪತ್ತು ಜನ ತೀರಿಕೊಂಡರು. ಮುಂದಿನ ವರ್ಷ, 2013ರ ಏಪ್ರಿಲ್ 9ರಂದು, ಮಂಗಳೂರು-ಬೆಂಗಳೂರು ಹೆದ್ದಾರಿಯಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಮತ್ತೊಂದು ಟ್ಯಾಂಕರ್ ಮಗುಚಿ ರಸ್ತೆ ಬದಿಯ ಮನೆಗಳು ಸುಟ್ಟವು, ಜನ ಸತ್ತರು. ಮನೆಯಲ್ಲಿ ಬೆಳಗಿನ ಕೆಲಸ ಮಾಡಿಕೊಂಡಿದ್ದವರಿಗೂ ಆ ಟ್ಯಾಂಕರಿಗೂ ಏನು ಸಂಬಂಧ? ಆಮೇಲಿನ ವರ್ಷಗಳಲ್ಲಿ ಮಂಗಳೂರಿನಿಂದ ಹಾಸನ, ಮೈಸೂರು, ಸೋಲೂರಿಗೆ ಸುಮಾರು 397 ಕಿಲೋಮೀಟರಿನ ಎಲ್.ಪಿ.ಜಿ. ಕೊಳವೆ ಬಂತು. ಮಂಗಳೂರಿನಲ್ಲಿ ಬಂಡೆಯೊಳಗೆ 80,000 ಟನ್ ಹಿಡಿಸುವ ನೆಲಮಾಳಿಗೆಯನ್ನೂ ಕೊರೆದಿದ್ದಾರೆ. ಘಾಟಿ ರಸ್ತೆಯಲ್ಲಿ ಹೋಗುವುದು ನೆಲದಡಿ ಹೋದಷ್ಟೂ ಒಳ್ಳೆಯದು.

ಚಾಲಾ, ಪೆರ್ನೆಗಳಲ್ಲಿ ಅನಿಲ 'ಹರಿಯಿತು' ಎಂದೆವಲ್ಲ, ಅದು ಅಲಂಕಾರದ ಮಾತಲ್ಲ. ಈ ಬರಹದಲ್ಲಿ ನಾವು ಹೇಳಬೇಕೆಂದಿರುವ ಒಂದೇ ಮಾತು ಇದರಲ್ಲೇ ಇದೆ.

ಕೆಳಗೆ ಕೂರುವವನು, ಮೇಲೆ ಏರುವವನು

ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಎರಡು ಪಟ್ಟು. ಆದ್ದರಿಂದ ಸಿಲಿಂಡರಿನ ಗ್ಯಾಸ್ ಸೋರಿದರೆ ನೀರಿನ ಹಾಗೆ ನೆಲಕ್ಕಿಳಿದು, ತಗ್ಗು ಹುಡುಕಿಕೊಂಡು, ಚರಂಡಿ ಮೋರಿಗಳಲ್ಲಿ ಸೇರಿ ಕೂರುತ್ತದೆ. ಮೀಥೇನ್ ಗಾಳಿಯ ಅರ್ಧದಷ್ಟೇ ಭಾರ, ಅದು ಸೀದಾ ಸೂರಿಗೆ ಏರುತ್ತದೆ. ಒಂದೇ ಬಣ್ಣದ ಉರಿ, ಹೆಚ್ಚುಕಡಿಮೆ ಒಂದೇ ವಾಸನೆ, ಆದರೆ ಅಡಗಿಕೊಳ್ಳುವ ಜಾಗ ಬೇರೆ ಬೇರೆ.

ಎಷ್ಟು ಸೋರಿದರೆ ಅಪಾಯ? ನಾವು ಕೂತು ಲೆಕ್ಕ ಹಾಕಿದೆವು. ಗಾಳಿಯಲ್ಲಿ ಎಲ್.ಪಿ.ಜಿ. ನೂರಕ್ಕೆ ಎರಡು ಪಾಲು ಸೇರಿದರೆ ಹೊತ್ತಿಕೊಳ್ಳಬಲ್ಲದು. ಮೀಥೇನಿಗೆ ಐದು ಪಾಲು ಬೇಕು. ನಮ್ಮಂಥ ಫ್ಲಾಟಿನ ಸಣ್ಣ ಅಡಿಗೆಮನೆ, ಇಪ್ಪತ್ತು ಘನ ಮೀಟರ್ ಎನ್ನಿ. ಇಡೀ ಕೋಣೆ ಸಿಡಿಮದ್ದಾಗಲು ಒಂದು ಕಿಲೋಗಿಂತ ಕಡಿಮೆ ಗ್ಯಾಸ್ ಸಾಕು! ನೆಲದ ಬಳಿ ಮಾತ್ರ ಪದರವಾಗಿ ನಿಂತರೆ ಇನ್ನೂ ಕಡಿಮೆ. 2025ರ ಮೇ ತಿಂಗಳಲ್ಲಿ ಮಸ್ಕತ್ತಿನ ಬೌಶರಿನಲ್ಲಿ ಒಂದು ಉಪಾಹಾರ ಗೃಹದ ಗ್ಯಾಸ್ ಸ್ಫೋಟದಿಂದ ಕಟ್ಟಡದ ಒಂದು ಭಾಗ ಕುಸಿದು ಇಬ್ಬರು ತೀರಿಕೊಂಡಾಗ, ಈ ಲೆಕ್ಕದ ಕಾಗದ ನಮ್ಮ ಮೇಜಿನ ಮೇಲೆಯೇ ಇತ್ತು.

ಆದ್ದರಿಂದ ಕೆಲವು ಮಾತು, ಬೋಧನೆ ಎಂದುಕೊಳ್ಳಬೇಡಿ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಹಾಕುವುದೂ ಬೇಡ, ಆರಿಸುವುದೂ ಬೇಡ. ಎಕ್ಸಾಸ್ಟ್ ಫ್ಯಾನ್ ಹಾಕಿ ಗ್ಯಾಸ್ ಓಡಿಸುವ ಬುದ್ಧಿವಂತಿಕೆ ಬೇಡವೇ ಬೇಡ, ಕಿಡಿ ಹುಟ್ಟುವುದು ಅಲ್ಲೇ. ಸಿಲಿಂಡರ್ ಮುಚ್ಚಿ, ನೆಲದವರೆಗೆ ತೆರೆಯುವ ಬಾಗಿಲು ತೆರೆಯಿರಿ, ಹೊರಗೆ ಹೋಗಿ ಫೋನ್ ಮಾಡಿ. ಒಮಾನಿನಲ್ಲಿ 9999, ಭಾರತದಲ್ಲಿ ಎಲ್.ಪಿ.ಜಿ. ಸೋರಿಕೆಗೆ 1906. ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಲಿ. ಮಲಗಿಸಿದರೆ ಆವಿಯ ಬದಲು ದ್ರವವೇ ಹೊರಬಂದು ಇನ್ನೂರೈವತ್ತು ಪಟ್ಟು ಉಬ್ಬುತ್ತದೆ. ಇಲ್ಲಿಯ ಜೂನ್ ತಿಂಗಳ ಬಿಸಿಲಿಗೆ ಬಾಲ್ಕನಿಯ ಸಿಲಿಂಡರಿಗೆ ನೆರಳು ಬೇಕು. ಬಿಸಿಗೆ ದ್ರವ ಹಿಗ್ಗುತ್ತದೆಂದೇ ಸಿಲಿಂಡರನ್ನು ಪೂರ್ತಿ ತುಂಬದೆ ಜಾಗ ಬಿಟ್ಟಿರುತ್ತಾರೆ.

ಚಳಿಗಾಲದಲ್ಲಿ ಜಬಲ್ ಶಮ್ಸ್ ಮೇಲೆ ಡೇರೆ ಹಾಕುವ ಗೆಳೆಯರಿಗೂ ಒಂದು ಮಾತು. ಮುಂಜಾನೆ ಚಹಾಕ್ಕೆಂದು ಪುಟ್ಟ ಬ್ಯೂಟೇನ್ ಡಬ್ಬಿ ಹಚ್ಚಿದರೆ ಉರಿ ಬರುವುದಿಲ್ಲ. ಸೊನ್ನೆಯ ಹತ್ತಿರ ಬ್ಯೂಟೇನ್ ಆವಿಯಾಗಲು ಒಲ್ಲೆನ್ನುತ್ತದೆ, ಡಬ್ಬಿ ಕೆಟ್ಟಿಲ್ಲ. ಅದನ್ನು ಬೆಂಕಿಗೆ ಹಿಡಿದು ಬೆಚ್ಚಗೆ ಮಾಡಲು ಹೋಗಬೇಡಿ. ಅಂಗಿಯೊಳಗೆ ಸ್ವಲ್ಪ ಹೊತ್ತು ಇಟ್ಟುಕೊಳ್ಳಿ, ಸಾಕು.

ಕೊನೆಗೆ ಅಮ್ಮನ ವಿಷಯ. ಆ ಸಂಜೆಯ ಮರುದಿನವೇ ನಾವು ಗ್ಯಾಸ್ ಸೋರಿದರೆ ಕೂಗುವ ಪುಟ್ಟ ಯಂತ್ರ ತಂದು, ಒಲೆಯ ಪಕ್ಕದ ಗೋಡೆಯಲ್ಲಿ ನೆಲದಿಂದ ಗೇಣೆತ್ತರದಲ್ಲಿ ಹಾಕಿದೆವು. ಅಮ್ಮ ಅದನ್ನು "ನನ್ನ ಮೂಗು" ಎಂದು ಕರೆದರು. ಹೋದ ವರ್ಷ ಅವರು ಬೆಂಗಳೂರಿನ ತಮ್ಮನ ಅಪಾರ್ಟ್‌ಮೆಂಟಿಗೆ ಬಂದು ನೆಲೆಸಿದರು. ರಜೆಗೆ ಹೋದಾಗ ಅಲ್ಲಿಗೂ ಒಂದು ಮೂಗು ಕೊಂಡೊಯ್ದೆವು. ಎಲ್ಲ ಬಲ್ಲವರ ಠೀವಿಯಿಂದ ನೆಲದ ಹತ್ತಿರ ಮೊಳೆ ಹೊಡೆಯುತ್ತಿದ್ದೆವು. ಮೀಟರ್ ನೋಡಲು ಬಂದ ಹುಡುಗ ನಿಂತು ನೋಡಿ, "ಸಾರ್, ಇದು ಪೈಪ್ ಗ್ಯಾಸ್ ಅಲ್ವಾ? ಮೇಲೆ ಹಾಕಿ. ಇದನ್ನೇ ಹಾಕಬಹುದಾ ಅಂತ ಡಬ್ಬದ ಮೇಲೆ ಓದಿ ನೋಡಿ" ಎಂದ. ಓದಿದೆವು. ಎಲ್.ಪಿ.ಜಿ.ಗೆ ಎಂದು ಬರೆದಿತ್ತು. ಎರಡು ಡಿಗ್ರಿ ಇಟ್ಟುಕೊಂಡು, ಅಷ್ಟೆಲ್ಲ ಓದಿ, ನಮ್ಮ ಕೈ ಮಸ್ಕತ್ತಿನ ಅಭ್ಯಾಸವನ್ನೇ ಮಾಡಿತ್ತು.

ಬೇರೆಯದು ತಂದು ಸೂರಿನ ಕೆಳಗೆ ಹಾಕಿದ್ದಾಯಿತು. ಊರಿಗೆ ಮರಳುವ ಗೆಳೆಯರು ಸಾಮಾನು ಕಟ್ಟುವಾಗ ಈ ಒಂದು ಪ್ರಶ್ನೆಯನ್ನೂ ಕಟ್ಟಿಕೊಳ್ಳಿ: ಹೋಗುವ ಮನೆಯಲ್ಲಿ ಇರುವುದು ಯಾವ ಗ್ಯಾಸ್? ಮನೆಯಲ್ಲಿ ವಾಸನೆ ತಿಳಿಯದ ಹಿರಿಯರಿದ್ದರೆ ಇನ್ನೂ ಬೇಗ ಕೇಳಿ.

ಕುದುರೆಗಳ ಬಗ್ಗೆ ಮುಂದಿನ ಸಂಚಿಕೆಗೆ ಖಂಡಿತ ಬರೆಯುತ್ತೇವೆ. ನಿಮ್ಮ ಮನೆಗೆ ಮೊದಲ ಸಿಲಿಂಡರ್ ಬಂದ ದಿನದ ನೆನಪಿದ್ದರೆ ನಾಲ್ಕು ಸಾಲು ಬರೆದು ಕಳಿಸಿ.